ಕುಕ್ಕರ್ ಕೂಗಿದಾಗ ಒಳಗೆ ಏನಾಗಿರುತ್ತದೆ?

ತೊಗರಿಬೇಳೆಗೆ ಮೂರು ಕೂಗು, ಕಡಲೆಕಾಳಿಗೆ ಆರು, ಆಲೂಗಡ್ಡೆಗೆ ಎರಡು. ನಮ್ಮ ಅಡುಗೆಮನೆಗಳಲ್ಲಿ ಹೊತ್ತನ್ನು ಎಣಿಸುವುದು ಹೀಗೆ. ಆದರೆ ಕುಕ್ಕರಿನ ಕೂಗಿಗೂ ಬೇಳೆ ಬೇಯುವುದಕ್ಕೂ ಇರುವ ನಂಟು ತೀರಾ ಸಡಿಲ. 2 ಲೀಟರಿನ ಕುಕ್ಕರನ್ನು ದೊಡ್ಡ ಬರ್ನರಿನ ಮೇಲೆ ಜೋರು ಉರಿಯಲ್ಲಿಟ್ಟರೆ ಎರಡು ಮೂರು ನಿಮಿಷದೊಳಗೆ ಮೂರು ಸಲ ಕೂಗಿ ಮುಗಿಸುತ್ತದೆ. ಅಷ್ಟೇ ಬೇಳೆಯನ್ನು 5 ಲೀಟರಿನದರಲ್ಲಿ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಮೂರನೆಯ ಕೂಗು ಕೇಳುವಷ್ಟರಲ್ಲಿ ಬೇಳೆ ಕರಗಿ ಹೋಗಿರುತ್ತದೆ. ಒಬ್ಬರ ಮನೆಯ ಮೂರು ಕೂಗು ಇನ್ನೊಬ್ಬರ ಮನೆಗೆ ಹೊಂದದೆ ಇರುವುದಕ್ಕೆ ಕೈಗುಣ ಕಾರಣವಲ್ಲ. ಕೂಗು ಒಳಗಿನ ಒತ್ತಡವನ್ನು ಹೇಳುತ್ತದೆ, ಎಷ್ಟು ಹೊತ್ತಾಯಿತು ಎಂಬುದನ್ನು ಹೇಳುವುದಿಲ್ಲ.

ಮುಚ್ಚಳದ ನಡುವೆ ಇರುವ ಸಣ್ಣ ಕೊಳವೆಯ ಮೇಲೆ ನಾವು ಕೂರಿಸುವ ವೆಯ್ಟಿನಿಂದಲೇ ಶುರುಮಾಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕುಕ್ಕರುಗಳ ವೆಯ್ಟ್ ಏಳುವುದು ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ 1 ಕಿಲೋದಷ್ಟು ಹೆಚ್ಚಾದಾಗ. ಲೆಕ್ಕ ಸರಳ. ಕೊಳವೆಯ ಬಾಯಿ 3 ಮಿಲಿಮೀಟರ್ ಅಗಲವಿದೆ ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ 0.07 ಚದರ ಸೆಂಟಿಮೀಟರ್. ಅಷ್ಟು ಜಾಗವನ್ನು 1 ಕಿಲೋ ಒತ್ತಡದಲ್ಲಿ ಅದುಮಿ ಹಿಡಿಯಲು ಸುಮಾರು 70 ಗ್ರಾಂ ತೂಕ ಸಾಕು. ಅದಕ್ಕೇ ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದರ ವೆಯ್ಟ್ ಹಾಕಬಾರದು ಎನ್ನುವುದು. ಕೊಳವೆಯ ಬಾಯಿ ಕೂದಲೆಳೆಯಷ್ಟು ಬೇರೆಯಾದರೂ ಒತ್ತಡದ ಲೆಕ್ಕ ತಪ್ಪುತ್ತದೆ.

ಇದೇ ಒತ್ತಡ ಮುಚ್ಚಳದ ಮೇಲೂ ಬೀಳುತ್ತದೆ. 20 ಸೆಂಟಿಮೀಟರ್ ಅಗಲದ ಮುಚ್ಚಳಕ್ಕೆ 314 ಚದರ ಸೆಂಟಿಮೀಟರ್ ವಿಸ್ತೀರ್ಣ. ಅಂದರೆ ಕುಕ್ಕರ್ ಕೂಗುವ ಹೊತ್ತಿಗೆ ಒಳಗಿನ ಹಬೆ ಅದನ್ನು 314 ಕಿಲೋ ಬಲದಿಂದ ಮೇಲಕ್ಕೆ ತಳ್ಳುತ್ತಿರುತ್ತದೆ. ಮೂರು ಕ್ವಿಂಟಲಿಗೂ ಮಿಗಿಲು. ಅದನ್ನು ತಡೆಯುವುದಕ್ಕೆ ಎರಡು ಬಗೆಯ ಮುಚ್ಚಳಗಳಿವೆ. ಹೊರಗಿನಿಂದ ತಿರುಗಿಸಿ ಹಾಕುವ ಮುಚ್ಚಳದಲ್ಲಿ ಅಂಚಿನ ಹಲ್ಲುಗಳು ಕುಕ್ಕರಿನ ಬಾಯಂಚಿನ ಹಲ್ಲುಗಳ ಕೆಳಗೆ ಸಿಕ್ಕಿಕೊಳ್ಳುತ್ತವೆ. ಒಳಗಿನಿಂದ ತೂರಿಸಿ ಕೂರಿಸುವ ಮುಚ್ಚಳದಲ್ಲಿ ಹಬೆಯೇ ಅದನ್ನು ಕುಕ್ಕರಿನ ಬಾಯಿಗೆ ಅದುಮಿ ಹಿಡಿಯುತ್ತದೆ, ಹಾಗಾಗಿ ಒತ್ತಡ ಇಳಿಯುವ ತನಕ ಎಷ್ಟು ಎಳೆದರೂ ಅದು ಕೆಳಕ್ಕೆ ಜಾರಿ ಬಿಚ್ಚಿಕೊಳ್ಳುವುದಿಲ್ಲ. ಹೊರಮುಚ್ಚಳದ ಕುಕ್ಕರಿನಲ್ಲಿ ಹಲ್ಲುಗಳು ಸವೆದಿದ್ದರೆ, ಹಿಡಿಕೆಯ ಸ್ಕ್ರೂ ಸಡಿಲವಾಗಿ ಮುಚ್ಚಳ ಪೂರ್ತಿ ತಿರುಗದೆ ನಿಂತಿದ್ದರೆ, ಆ ಮೂರು ಕ್ವಿಂಟಲನ್ನು ಹಿಡಿಯುತ್ತಿರುವುದು ಎರಡೋ ಮೂರೋ ಹಲ್ಲು ಮಾತ್ರ. ಎರಡು ಹಿಡಿಕೆ ಒಂದರ ಮೇಲೊಂದು ಸರಿಯಾಗಿ ಕೂತಿರಬೇಕು ಎನ್ನುವುದು ಅದಕ್ಕಾಗಿ.

ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ

ನೀರು ಕುದಿಯುವ ಉಷ್ಣತೆಯನ್ನು ಗೊತ್ತುಮಾಡುವುದು ಅದರ ಮೇಲಿನ ಒತ್ತಡ. ಸಮುದ್ರಮಟ್ಟದ ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್. 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97. 1,150 ಮೀಟರಿನ ಮಡಿಕೇರಿಯಲ್ಲಿ 96. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88. ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಹೆಚ್ಚಿಸಿದರೂ ನೀರು ಇದಕ್ಕಿಂತ ಬಿಸಿಯಾಗುವುದಿಲ್ಲ, ಬೇಗ ಆವಿಯಾಗುತ್ತದೆ ಅಷ್ಟೆ.

ಕುಕ್ಕರಿನೊಳಗೆ ವೆಯ್ಟ್ ಒಡ್ಡುವ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಕೂಡಿಕೊಳ್ಳುತ್ತದೆ. ಮಂಗಳೂರಿನಲ್ಲಿ ಒಳಗಿನ ಉಷ್ಣತೆ 120 ಡಿಗ್ರಿಗೆ ಏರುತ್ತದೆ, ಬೆಂಗಳೂರಿನಲ್ಲಿ 118ಕ್ಕೆ, ಲೇಹ್‌ನಲ್ಲಿ 114ಕ್ಕೆ. ಎತ್ತರಕ್ಕೆ ಹೋದಷ್ಟೂ ಕುಕ್ಕರಿನಿಂದ ಸಿಗುವ ಲಾಭ ಹೆಚ್ಚು ಎಂಬುದನ್ನು ಗಮನಿಸಿ. ಮಂಗಳೂರಿನವರಿಗೆ ಅದು 20 ಡಿಗ್ರಿ ಕೊಟ್ಟರೆ ಲೇಹ್‌ನವರಿಗೆ 26 ಡಿಗ್ರಿ ಕೊಡುತ್ತದೆ. ಬೇಳೆಕಾಳು ಮೆತ್ತಗಾಗುವ ವೇಗ ಪ್ರತಿ 10 ಡಿಗ್ರಿಗೆ ಕಡಿಮೆಯೆಂದರೂ ಎರಡು ಪಟ್ಟು ಆಗುತ್ತದೆ. ತೆರೆದ ಪಾತ್ರೆಯಲ್ಲಿ 40 ನಿಮಿಷ ಬೇಕಾಗುವ ಬೇಳೆ ಕುಕ್ಕರಿನಲ್ಲಿ ಹತ್ತು ನಿಮಿಷಕ್ಕೆ ಬೇಯುವ ಗುಟ್ಟು ಇಷ್ಟೇ.

ಇನ್ನು ಮೊದಲ ಕೂಗಿನ ವಿಚಾರ. ತಣ್ಣಗಿನ ಕುಕ್ಕರಿಗೆ ಮುಚ್ಚಳ ಹಾಕಿ ಒಡನೆಯೇ ವೆಯ್ಟ್ ಕೂರಿಸಿ ಒಲೆಯ ಮೇಲಿಡುವವರೇ ಹೆಚ್ಚು. ಆಗ ಒಳಗಿದ್ದ ಗಾಳಿ ಹೊರಹೋಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಯಾದ ಗಾಳಿ ತಾನೂ ಹಿಗ್ಗಿ ಒತ್ತುತ್ತದೆ. ವೆಯ್ಟ್ ಏಳಲು ಬೇಕಾದ ಒಟ್ಟು ಒತ್ತಡದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಗಾಳಿಯೇ ತುಂಬಿಬಿಡುವುದರಿಂದ ಉಳಿದದ್ದನ್ನು ಹಬೆ ತುಂಬಿದರೆ ಸಾಕು. ಲೆಕ್ಕ ಹಾಕಿ ನೋಡಿದರೆ ಎಲ್ಲೂ ಸೋರದ ಕುಕ್ಕರಿನಲ್ಲಿ ಒಳಗಿನ ಉಷ್ಣತೆ ಸುಮಾರು 94 ಡಿಗ್ರಿ ಮುಟ್ಟುವಾಗಲೇ ಮೊದಲ ಕೂಗು ಬಂದುಬಿಡಬೇಕು. 120 ಡಿಗ್ರಿ ಹಾಗಿರಲಿ, ಒಳಗಿನ ನೀರು ತೆರೆದ ಪಾತ್ರೆಯಲ್ಲಿ ಕುದಿಯುವ ಬಿಸಿಯನ್ನೂ ಮುಟ್ಟಿರುವುದಿಲ್ಲ. ಆ ಕೂಗಿನಲ್ಲಿ ಗಾಳಿ ಒಂದಷ್ಟು ಹೊರಬೀಳುತ್ತದೆ, ಮುಂದಿನ ಒಂದೆರಡು ಕೂಗಿನಲ್ಲಿ ಉಳಿದದ್ದು. ನಿಜವಾದ ಬೇಯುವಿಕೆ ಶುರುವಾಗುವುದು ಆಮೇಲೆ. ಗಾಳಿಯ ಪ್ರಮಾಣ ಕುಕ್ಕರ್ ಎಷ್ಟು ಖಾಲಿಯಿದೆ ಎನ್ನುವುದನ್ನು ಅವಲಂಬಿಸಿರುವುದರಿಂದ, ದೊಡ್ಡ ಕುಕ್ಕರಿನಲ್ಲಿ ಒಂದು ಹಿಡಿ ಬೇಳೆ ಇಟ್ಟ ದಿನ ಮೂರು ಕೂಗಾದರೂ ಬೇಳೆ ಕಾಳುಕಾಳಾಗಿ ಉಳಿದಿರುವುದು ಆಶ್ಚರ್ಯವೇನಲ್ಲ.

ಆಸ್ಪತ್ರೆ ಮತ್ತು ಪ್ರಯೋಗಾಲಯಗಳಲ್ಲಿ ಉಪಕರಣಗಳನ್ನು ಸೂಕ್ಷ್ಮಜೀವಿಮುಕ್ತ ಮಾಡುವ ಆಟೊಕ್ಲೇವ್ ಇದೇ ಕುಕ್ಕರಿನ ದೊಡ್ಡಣ್ಣ. ಲೂಯಿ ಪಾಶ್ಚರ್ ಜೊತೆ ಕೆಲಸ ಮಾಡುತ್ತಿದ್ದ ಶಾರ್ಲ್ ಶಾಂಬರ್ಲಾಂ 1879ರಲ್ಲಿ ಅದನ್ನು ರೂಪಿಸಿದ. ಅಲ್ಲಿನ ಪ್ರಮಾಣ 121 ಡಿಗ್ರಿಯಲ್ಲಿ 15 ನಿಮಿಷ, ನಮ್ಮ ಅಡುಗೆಯ ಕುಕ್ಕರ್ ಮುಟ್ಟುವ ಉಷ್ಣತೆಗೆ ಹೆಚ್ಚುಕಡಿಮೆ ಸಮ. ಗಾಳಿಯನ್ನು ಪೂರ್ತಿ ಹೊರದೂಡದೆ ಆಟೊಕ್ಲೇವಿನ ಗಡಿಯಾರ ಶುರುಮಾಡುವುದಿಲ್ಲ, ಏಕೆಂದರೆ ಒತ್ತಡದ ಮುಳ್ಳು ಸರಿಯಾದ ಅಂಕಿ ತೋರಿಸುತ್ತಿದ್ದರೂ ಗಾಳಿ ಬೆರೆತ ಹಬೆಯ ಉಷ್ಣತೆ ಕಡಿಮೆ ಇರುತ್ತದೆ. ಹುಲ್ಲು, ಧಾನ್ಯಗಳನ್ನು ಕುಕ್ಕರಿನಲ್ಲಿ ಹಬೆಯಾಡಿಸಿ ಅಣಬೆ ಬೆಳೆಸುವವರಿಗೂ ಈ ಮಾತು ಚೆನ್ನಾಗಿ ಗೊತ್ತು.

ಹಾಗಾದರೆ ಮಾಡಬೇಕಾದ್ದೇನು? ಮುಚ್ಚಳ ಹಾಕುವ ಮೊದಲು ಕೊಳವೆಯನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಿ. ವೆಯ್ಟ್ ಇಲ್ಲದೆ ಜೋರು ಉರಿಯಲ್ಲಿಡಿ. ಕೊಳವೆಯಿಂದ ಹಬೆ ಬಿಟ್ಟುಬಿಟ್ಟು ಬರುವುದು ನಿಂತು ಒಂದೇ ಸಮನೆ ನೆಟ್ಟಗೆ ಬರತೊಡಗಿ ಅರ್ಧ ನಿಮಿಷವಾದ ಮೇಲೆ ವೆಯ್ಟ್ ಕೂರಿಸಿ. ಮೊದಲ ಕೂಗು ಬಂದೊಡನೆ ಉರಿಯನ್ನು ಆದಷ್ಟೂ ಸಣ್ಣ ಮಾಡಿ ಗಡಿಯಾರ ನೋಡಿ. ವೆಯ್ಟಿನ ಕೆಳಗೆ ಸಣ್ಣಗೆ ಸುಯ್ ಎನ್ನುತ್ತಿದ್ದರೆ ಸಾಕು, ಒತ್ತಡ ತುಂಬಿಯೇ ಇದೆ ಎಂದರ್ಥ. ಅಲ್ಲಿಂದ ನೆನೆಸದ ತೊಗರಿಬೇಳೆಗೆ ಸುಮಾರು 8ರಿಂದ 10 ನಿಮಿಷ, ಹೆಸರುಬೇಳೆಗೆ 4ರಿಂದ 5, ರಾತ್ರಿಯಿಡೀ ನೆನೆದ ಕಾಬೂಲಿ ಕಡಲೆಗೆ 15ರಿಂದ 20, ಡಬ್ಬಿಯಲ್ಲಿಟ್ಟ ಅನ್ನಕ್ಕೆ 6ರಿಂದ 8. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯುವ ಎಂಟು ಹತ್ತು ನಿಮಿಷವೂ ಒಳಗಿನದು 100 ಡಿಗ್ರಿಗಿಂತ ಬಿಸಿಯಾಗಿಯೇ ಇದ್ದು ಬೇಯುತ್ತಿರುತ್ತದೆ. ಬೇಳೆಗೂ ಅನ್ನಕ್ಕೂ ಅದು ಲಾಭ. ಬೀನ್ಸು, ಹೂಕೋಸಿನಂಥವು ಮಾತ್ರ ಆ ಹೊತ್ತಿನಲ್ಲೇ ಕರಗಿ ಹೋಗುತ್ತವೆ.

ಸಣ್ಣ ಉರಿಯಲ್ಲಿ ಕೂಗದೆ ಇರುವ ಕುಕ್ಕರಿನೊಳಗೆ ಇನ್ನೊಂದು ಸೋಜಿಗವಿದೆ. ಅಲ್ಲಿ ನೀರು ಕುದಿಯುತ್ತಲೇ ಇರುವುದಿಲ್ಲ! 118 ಡಿಗ್ರಿ ಬಿಸಿಯಿದ್ದರೂ ಮೇಲಿನ ಹಬೆಯ ಒತ್ತಡ ಅದನ್ನು ಅದುಮಿ ಹಿಡಿದಿರುವುದರಿಂದ ನೀರು ಹೆಚ್ಚುಕಡಿಮೆ ಸುಮ್ಮನೆ ನಿಂತಿರುತ್ತದೆ. ಕೂಗಿದಾಗ ಒತ್ತಡ ಥಟ್ಟನೆ ಇಳಿಯುತ್ತದೆ, ಆ ಕ್ಷಣಕ್ಕೆ ಇಡೀ ನೀರು ಒಮ್ಮೆಲೇ ಭೋರ್ಗರೆದು ಕುದಿಯುತ್ತದೆ. ಬೇಳೆಯ ನೊರೆ ಮೇಲೆದ್ದು ಕೊಳವೆಯಿಂದ ಚಿಮ್ಮಿ ಮುಚ್ಚಳವನ್ನೂ ಒಲೆಯನ್ನೂ ಹಳದಿ ಮಾಡುವುದು ಈ ಹೊತ್ತಿನಲ್ಲಿ. ಉರಿ ಜೋರಾಗಿದ್ದಷ್ಟೂ ಕೂಗು ಹೆಚ್ಚು, ಕೂಗಿದಷ್ಟೂ ಚಿಮ್ಮುವುದು ಹೆಚ್ಚು.

ಕೂಗು ಬಿಟ್ಟುಬಿಟ್ಟು ಬರುವುದಕ್ಕೂ ಕಾರಣವುಂಟು. ವೆಯ್ಟ್ ಕೂತಿದ್ದಾಗ ಹಬೆ ಅದನ್ನು ತಳ್ಳುವುದು ಕೊಳವೆಯ ಬಾಯಿಯಷ್ಟು ಅಗಲದಲ್ಲಿ ಮಾತ್ರ. ಒಮ್ಮೆ ತುಸು ಎದ್ದಿತೆಂದರೆ ಅದರ ಅಡಿಯ ಅಗಲವಾದ ಭಾಗಕ್ಕೆಲ್ಲ ಹಬೆ ತಗುಲಿ ಇನ್ನಷ್ಟು ಮೇಲೆತ್ತುತ್ತದೆ. ಒಳಗಿನ ಒತ್ತಡ ಸಾಕಷ್ಟು ಇಳಿದ ಮೇಲಷ್ಟೇ ಅದು ಮತ್ತೆ ಕೂರುವುದು. ಹಾಗೆ ಹೊರಬೀಳುವ ಹಬೆಯ ಬೆಲೆಯನ್ನೂ ಲೆಕ್ಕ ಹಾಕಬಹುದು. ನೀರಿಗೆ ದಕ್ಕುತ್ತಿರುವ ಶಾಖ 1 ಕಿಲೋವಾಟ್ ಎಂದಾದರೆ ನಿಮಿಷಕ್ಕೆ ಸುಮಾರು 27 ಗ್ರಾಂ ನೀರು ಹಬೆಯಾಗುತ್ತದೆ, ಹತ್ತು ನಿಮಿಷಕ್ಕೆ ಒಂದು ದೊಡ್ಡ ಲೋಟ. ಉಷ್ಣತೆ ಒಮ್ಮೆ ತುದಿ ಮುಟ್ಟಿದ ಮೇಲೆ ಹಾಕುವ ಹೆಚ್ಚಿನ ಉರಿಯೆಲ್ಲ ಅಡುಗೆಮನೆಯನ್ನು ಬೆಚ್ಚಗಾಗಿಸುವುದಕ್ಕಷ್ಟೇ ಖರ್ಚಾಗುತ್ತದೆ. ಸೀದು ಹೋದ ಕುಕ್ಕರುಗಳಲ್ಲಿ ಬಹುಪಾಲು ಹೀಗೆ ನೀರು ಬತ್ತಿಯೇ ಸೀದಿರುತ್ತವೆ. ಡಬ್ಬಿಗಳನ್ನಿಟ್ಟು ಬೇಯಿಸುವಾಗ ತಳಕ್ಕೆ ಎರಡು ಲೋಟ ನೀರಾದರೂ ಇರಲಿ.

ಮೂಳೆ ಕರಗಿಸಲು ಹುಟ್ಟಿದ ಪಾತ್ರೆ

ಒತ್ತಡದ ಪಾತ್ರೆಯನ್ನು ಮೊದಲು ಮಾಡಿದವನು ಫ್ರಾನ್ಸಿನ ಡೆನಿ ಪಾಪಿನ್. ಪ್ಯಾರಿಸ್ಸಿನಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಬಳಿ, ಆಮೇಲೆ ಲಂಡನ್ನಿನಲ್ಲಿ ರಾಬರ್ಟ್ ಬಾಯ್ಲ್ ಬಳಿ ಕೆಲಸ ಮಾಡಿದ್ದ ಆತ 1679ರಲ್ಲಿ ಅದನ್ನು ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದಿಟ್ಟ. ಬಡವರು ಎಸೆಯುವ ಮೂಳೆಯಿಂದಲೂ ಸಾರ ತೆಗೆದು ಊಟವಾಗಿಸಬಹುದು ಎಂಬುದು ಅವನ ಆಸೆ. 1682ರ ಏಪ್ರಿಲ್‌ನಲ್ಲಿ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಬೇಯಿಸಿದ ಊಟ ಬಡಿಸಿದ. ಊಟಕ್ಕೆ ಹೋಗಿದ್ದ ಜಾನ್ ಎವೆಲಿನ್, ಗಟ್ಟಿ ಮೂಳೆಗಳೂ ಚೀಸ್‌ನಷ್ಟು ಮೆತ್ತಗಾಗಿದ್ದವೆಂದು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಪಾಪಿನ್ ಎದುರಿಸಿದ ಮೊದಲ ತೊಂದರೆ ಪಾತ್ರೆ ಸಿಡಿಯುವುದು. ಅದಕ್ಕಾಗಿ ಆತ ತೂಕ ನೇತುಹಾಕಿದ ಸನ್ನೆಕೋಲಿನಿಂದ ತೂತನ್ನು ಅದುಮಿಡುವ ವ್ಯವಸ್ಥೆ ಮಾಡಿದ. ಒತ್ತಡ ಮಿತಿಮೀರಿದರೆ ತೂಕ ಎದ್ದು ಹಬೆ ಹೊರಹೋಗುತ್ತದೆ. ಇಂದು ಕುಕ್ಕರಿನಿಂದ ಹಿಡಿದು ಕಾರ್ಖಾನೆಯ ಬಾಯ್ಲರ್‌ವರೆಗೆ ಎಲ್ಲೆಡೆ ಇರುವ ಸೇಫ್ಟಿ ವಾಲ್ವಿನ ಮೂಲ ಇದೇ. ಎರಡನೆಯ ತೊಂದರೆ, ಒಳಗೆ ಎಷ್ಟು ಬಿಸಿಯಾಗಿದೆ ಎಂದು ತಿಳಿಯುವುದು ಹೇಗೆ? ಫ್ಯಾರನ್‌ಹೀಟನ ಮಾಪಕ ಬರಲು ಇನ್ನೂ ನಾಲ್ಕು ದಶಕ ಇತ್ತು. ಪಾಪಿನ್ ಮುಚ್ಚಳದ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಆರುವಷ್ಟರಲ್ಲಿ ಲೋಲಕ ಎಷ್ಟು ಸಲ ಆಡಿತೆಂದು ಎಣಿಸಿದ. ಮೂರೂವರೆ ಶತಮಾನದ ಹಿಂದೆಯೇ ಕುಕ್ಕರನ್ನು ಹೊತ್ತಿನ ಲೆಕ್ಕದಲ್ಲಿ ನಡೆಸಿದವನು ಅದನ್ನು ಕಂಡುಹಿಡಿದವನೇ. 1690ರಲ್ಲಿ ಆತ ಹಬೆಯಿಂದ ಪಿಸ್ಟನ್ ಎತ್ತುವ ಯಂತ್ರದ ಕಲ್ಪನೆಯನ್ನೂ ಪ್ರಕಟಿಸಿದ. ನ್ಯೂಕಾಮನ್‌ನ ಹಬೆಯಂತ್ರ 1712ರಲ್ಲಿ ಬಂತು. ರೈಲಿನ ಎಂಜಿನ್ನಿಗೂ ನಮ್ಮ ಕುಕ್ಕರಿಗೂ ಹೀಗೊಂದು ರಕ್ತಸಂಬಂಧ.

ನಮ್ಮ ದೇಶದಲ್ಲಿ ಒತ್ತಡದ ಕುಕ್ಕರಿಗೂ ಮೊದಲು ಹಬೆಯ ಕುಕ್ಕರ್ ಬಂದಿತ್ತು. 1910ರ ಸುಮಾರಿಗೆ ಬಂಗಾಳದ ಇಂದುಮಾಧವ ಮಲ್ಲಿಕ್ ರೂಪಿಸಿದ ಇಕ್ಮಿಕ್ ಕುಕ್ಕರಿನಲ್ಲಿ ಕೆಳಗೆ ಇದ್ದಿಲು, ಮೇಲೆ ಒಂದರ ಮೇಲೊಂದು ಡಬ್ಬಿ. ಒತ್ತಡವಿಲ್ಲ, ನಿಧಾನವಾಗಿ ಹಬೆಯಲ್ಲೇ ಅಡುಗೆ. ಇಂಗ್ಲೆಂಡಿನ ಕಂಪನಿಗಳ ಸಹಯೋಗದಲ್ಲಿ ಒತ್ತಡದ ಕುಕ್ಕರುಗಳ ತಯಾರಿಕೆ ಶುರುವಾದದ್ದು 1959ರಲ್ಲಿ, ಪ್ರೆಸ್ಟೀಜ್ ಬೆಂಗಳೂರಿನಲ್ಲೇ ತಯಾರಾಗತೊಡಗಿತು. ಈಗ ಮನೆಬಳಕೆಯ ಕುಕ್ಕರಿಗೆ ಐಎಸ್ 2347 ಎಂಬ ಭಾರತೀಯ ಮಾನಕವಿದೆ, 2021ರ ಫೆಬ್ರುವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಕೊಳ್ಳುವಾಗ ಗುರುತಿನ ಮೇಲೆ ಈ ಸಂಖ್ಯೆ ಇದೆಯೇ ನೋಡಿ.

ಎಷ್ಟು ಕೂಗಿಸಿದರೂ ಬೇಯದ ಬೇಳೆ

ಒತ್ತಡ ಸರಿಯಿದ್ದು, ಹೊತ್ತೂ ಸರಿಯಿದ್ದು ಬೇಳೆ ಬೇಯದಿದ್ದರೆ ತಪ್ಪು ಕುಕ್ಕರಿನದಲ್ಲ, ನೀರಿನದೋ ಹುಳಿಯದೋ ಬೇಳೆಯದೋ ಆಗಿರುತ್ತದೆ. ಬೇಳೆಕಾಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್ ಎಂಬ ವಸ್ತು. ಅದು ಕರಗಿದರೆ ಬೇಳೆ ನುಣ್ಣಗಾಗುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪೆಕ್ಟಿನ್ನಿನ ಎಳೆಗಳನ್ನು ಬೆಸೆದು ಗಟ್ಟಿಮಾಡುತ್ತವೆ. ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಬೇಳೆ ಬೇಯದಿರುವುದು, ಅದೇ ಬೇಳೆ ಮಳೆನೀರಿನಲ್ಲೋ ಫಿಲ್ಟರ್ ನೀರಿನಲ್ಲೋ ಬೆಣ್ಣೆಯಂತೆ ಬೇಯುವುದು ಇದರಿಂದಲೇ. ಬೇಳೆ ಬೇಯಿಸುವಷ್ಟು ನೀರನ್ನಾದರೂ ಆರ್‌ಒ ನಲ್ಲಿಯಿಂದ ಹಿಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಹುಳಿಯಲ್ಲಿಯೂ ಪೆಕ್ಟಿನ್ ಕರಗುವುದಿಲ್ಲ. ಬಿಸಿಬೇಳೆಬಾತಿಗೆ, ಹುಳಿಗೆ ಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆರಸ ಹಾಕುವ ನಮ್ಮ ಪದ್ಧತಿಯ ಹಿಂದೆ ಗಟ್ಟಿಯಾದ ರಸಾಯನಶಾಸ್ತ್ರವಿದೆ. ಎಲ್ಲವನ್ನೂ ಒಂದೇ ಸಲ ಕುಕ್ಕರಿಗೆ ಸುರಿಯುವ ಈಗಿನ ದಿಢೀರ್ ವಿಧಾನಗಳಲ್ಲಿ ಟೊಮೆಟೊ, ಹುಣಸೆಯೂ ಮೊದಲೇ ಸೇರುವುದರಿಂದ ಬೇಳೆ ಒಡೆಯದೆ ಉಳಿಯುತ್ತದೆ. ಹುಳಿಯನ್ನು ತಡೆದು ಹಾಕಿದರೆ ಬೇರೇನೂ ಬದಲಿಸಬೇಕಿಲ್ಲ.

ಉಪ್ಪು ಹಾಕಿದರೆ ಬೇಳೆಕಾಳು ಬೇಯುವುದಿಲ್ಲ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಉಪ್ಪಿನ ಸೋಡಿಯಂ ಸಿಪ್ಪೆಯ ಪೆಕ್ಟಿನ್ನಿನಲ್ಲಿರುವ ಕ್ಯಾಲ್ಸಿಯಮ್ಮನ್ನು ಕಿತ್ತು ಆ ಜಾಗದಲ್ಲಿ ತಾನು ಕೂರುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಲೀಟರ್ ನೀರಿಗೆ 15 ಗ್ರಾಂ ಉಪ್ಪು ಹಾಕಿ ರಾತ್ರಿಯಿಡೀ ಕಡಲೆಯನ್ನೋ ಅಲಸಂದೆಯನ್ನೋ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ ತೊಳೆದು ಬೇಯಿಸಿ ನೋಡಿ; ಸಿಪ್ಪೆ ಬಿರಿಯದೆ ಒಳಗೆಲ್ಲ ಸಮನಾಗಿ ಬೆಂದಿರುತ್ತದೆ. ಅಡುಗೆ ಸೋಡಾ ಇನ್ನೂ ಬೇಗ ಮೆತ್ತಗಾಗಿಸುತ್ತದೆ ನಿಜ, ಆದರೆ ಕಾಳಿನಲ್ಲಿರುವ ಬಿ1 ಜೀವಸತ್ವವನ್ನು ಅದು ಹಾಳುಮಾಡುತ್ತದೆ. ಚಿಟಿಕೆಗಿಂತ ಹೆಚ್ಚಾದರೆ ಸಾಬೂನಿನ ರುಚಿಯೂ ಬರುತ್ತದೆ.

ಮೂರನೆಯದು ಬೇಳೆಯ ವಯಸ್ಸು. ಬೆಚ್ಚಗಿನ, ತೇವದ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದ ಕಾಳು ಒಳಗೊಳಗೇ ಗಡಸಾಗುತ್ತದೆ, ಆಮೇಲೆ ಎಷ್ಟು ನೆನೆಸಿದರೂ ಪೂರ್ತಿ ಮೆತ್ತಗಾಗುವುದಿಲ್ಲ. ಹೊಸ ಬೇಳೆಯನ್ನು ಹಳೆಯದರ ಮೇಲೆ ಸುರಿಯುವ ಅಭ್ಯಾಸವಿದ್ದರೆ ಬಿಡಿ. ಎರಡೂ ಬೆರೆತ ಬೇಳೆಯಲ್ಲಿ ಅರ್ಧ ಕರಗಿ ಅರ್ಧ ಹಾಗೇ ಉಳಿಯುತ್ತದೆ.

ಕೆಡುವುದು ಎಲ್ಲಿ?

ಬೇಳೆ, ಅಕ್ಕಿಯಂಥ ನೊರೆ ಬರುವ, ಉಬ್ಬುವ ಪದಾರ್ಥಗಳನ್ನು ಕುಕ್ಕರಿನ ಅರ್ಧಕ್ಕಿಂತ ಮೇಲೆ, ಬೇರೆ ಯಾವುದನ್ನೂ ಮೂರನೆಯ ಎರಡು ಪಾಲಿಗಿಂತ ಮೇಲೆ ತುಂಬಬಾರದು. ನೊರೆಯೊಂದಿಗೆ ಮೇಲೆದ್ದ ಬೇಳೆಸಿಪ್ಪೆ ಕೊಳವೆಯೊಳಗೆ ಅಂಟಿ ಒಣಗಿದರೆ ಮರುದಿನ ದಾರಿ ಮುಚ್ಚಿರುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಕೊಳವೆಯನ್ನು ದಿನವೂ ಜೋರು ನೀರಿನಲ್ಲಿ ತೊಳೆಯಬೇಕು, ಆಗಾಗ ಕಡ್ಡಿಯಿಂದ ಬಿಡಿಸಬೇಕು.

ಕೊಳವೆ ಮುಚ್ಚಿಹೋದ ದಿನಕ್ಕೆಂದು ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇದೆ. ಬಹಳಷ್ಟು ಕುಕ್ಕರುಗಳಲ್ಲಿ ಅದರ ನಡುವೆ ಬೇಗ ಕರಗುವ ಮಿಶ್ರಲೋಹದ ಒಂದು ಬೊಟ್ಟು ಇರುತ್ತದೆ. ಒತ್ತಡ ಅಳೆಯಬೇಕಾದ ಕಡೆ ಕರಗುವ ಲೋಹವೇಕೆ? ಹಬೆಯ ಒತ್ತಡ ಮತ್ತು ಉಷ್ಣತೆ ಒಂದಕ್ಕೊಂದು ಕಟ್ಟಿಕೊಂಡಿವೆ. ಹಬೆ 140 ಡಿಗ್ರಿಗೆ ಏರಿತೆಂದರೆ ಅದರ ಒತ್ತಡ ವಾತಾವರಣದ ಮೂರೂವರೆ ಪಟ್ಟು ಆಗಿದೆ ಎಂದೇ ಅರ್ಥ. ಹಾಗಾಗಿ ಬಿಸಿಗೆ ಕರಗುವ ಲೋಹ ಒತ್ತಡವನ್ನೂ ಕಾಯುತ್ತದೆ, ನೀರು ಬತ್ತಿ ಪಾತ್ರೆ ಕಾದಾಗಲೂ ಕರಗಿ ದಾರಿ ಬಿಡುತ್ತದೆ. ವಾಲ್ವ್ ಹೋಯಿತೆಂದರೆ ಅದು ತನ್ನ ಕೆಲಸ ಮಾಡಿದೆ. ಅದೇ ಕಂಪನಿಯ ಹೊಸ ವಾಲ್ವ್ ಹಾಕಿಸುವ ಮೊದಲು ಕೊಳವೆ ಕಟ್ಟಿತ್ತೇ, ನೀರು ಸಾಲಲಿಲ್ಲವೇ ಎಂದು ನೋಡಬೇಕು. ಆ ತೂತಿಗೆ ಸ್ಕ್ರೂ ಬಿಗಿದು, ಎಂಸೀಲ್ ಮೆತ್ತಿ ಬಳಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಳವೆ ಕಟ್ಟಿದ ದಿನ ಉಳಿದಿರುವ ದಾರಿ ಅದೊಂದೇ.

ಗ್ಯಾಸ್ಕೆಟ್ ಗಟ್ಟಿಯಾದಾಗ, ಹಿಗ್ಗಿದಾಗ ಅಂಚಿನಿಂದ ಹಬೆ ಸೋರಿ ಕೂಗು ಬರುವುದೇ ಇಲ್ಲ. ಕೂಗಿಗೆ ಕಾಯುತ್ತ ಕೂತರೆ ನೀರು ಬತ್ತುತ್ತದೆ. ಫ್ರಿಜ್ಜಿನಲ್ಲಿಟ್ಟು ತಂದರೆ ರಬ್ಬರು ಕುಗ್ಗಿ ಆ ಹೊತ್ತಿಗೆ ಬಿಗಿಯಾಗುತ್ತದೆ, ಆದರೆ ಅದು ಒಂದೆರಡು ಸಲದ ಉಪಾಯ. ಬಳಸಿದ ಪ್ರತಿಸಲ ಬಿಚ್ಚಿ ತೊಳೆದು ಒರೆಸಿಡುವುದು, ಮುಚ್ಚಳವನ್ನು ಬಿಗಿದಿಡದೆ ಬೋರಲು ಇಡುವುದು, ವರ್ಷಕ್ಕೊಮ್ಮೆ ಬದಲಿಸುವುದು ಇವಿಷ್ಟೇ ಅದರ ಆರೈಕೆ.

ಅಲ್ಯೂಮಿನಿಯಂ ಕುಕ್ಕರಿನ ಒಳಮೈ ಕಪ್ಪಾಗುವುದು ಕೊಳೆಯಿಂದಲ್ಲ. ಗಡಸು ನೀರಿನ ಕ್ಷಾರ, ಲವಣಗಳು ಲೋಹದ ಮೇಲ್ಪದರದೊಂದಿಗೆ ವರ್ತಿಸಿದ ಗುರುತು ಅದು. ಡಬ್ಬಿಗಳ ಕೆಳಗಿನ ನೀರಿಗೆ ಹಿಂಡಿದ ನಿಂಬೆಹೋಳನ್ನೋ ಚೂರು ಹುಣಸೆಯನ್ನೋ ಹಾಕಿದರೆ ಕಪ್ಪಾಗದು.

ಕೂಗು ನಿಂತೊಡನೆ ಮುಚ್ಚಳ ಎಳೆಯುವ ಆತುರವೇ ಎಲ್ಲಕ್ಕಿಂತ ಅಪಾಯ. ಒಳಗೆ 2 ಲೀಟರ್ ಸಾರು 118 ಡಿಗ್ರಿಯಲ್ಲಿದೆ ಎನ್ನಿ. ಒತ್ತಡ ಒಮ್ಮೆಲೇ ಹೋದರೆ ಅದರಲ್ಲಿ 75 ಗ್ರಾಂನಷ್ಟು ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ, ಅಂದರೆ ಸುಮಾರು 120 ಲೀಟರ್ ಹಬೆ, ಉಳಿದ ಸಾರನ್ನು ಎತ್ತಿಕೊಂಡೇ ಹೊರಬರುತ್ತದೆ. ವೆಯ್ಟನ್ನು ಫೋರ್ಕಿನಿಂದ ತುಸು ಎತ್ತಿ ಪರೀಕ್ಷಿಸಿ; ಸುಯ್ ಎಂದರೆ ಇನ್ನೂ ಕಾಯಬೇಕು. ಇದರ ತಿರುಗುಮುರುಗು ಪೂರ್ತಿ ತಣ್ಣಗಾದ ಕುಕ್ಕರಿನಲ್ಲಿ ಕಾಣುತ್ತದೆ. ಹಬೆಯೆಲ್ಲ ನೀರಾಗಿ ಒಳಗೆ ನಿರ್ವಾತ ಉಂಟಾಗಿ, ಹೊರಗಿನ ಗಾಳಿಯೇ ಮುಚ್ಚಳವನ್ನು ಅದುಮಿ ಹಿಡಿದಿರುತ್ತದೆ. ವೆಯ್ಟ್ ತೆಗೆದು ಗಾಳಿ ಒಳಹೋಗಲು ಬಿಟ್ಟರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಆಗಲೂ ಜಪ್ಪಯ್ಯ ಎನ್ನದಿದ್ದರೆ ಒಲೆಯ ಮೇಲೆ ಸ್ವಲ್ಪ ಬಿಸಿಮಾಡಿ.

ಅಮೆರಿಕ, ಕೆನಡಾದ ಕನ್ನಡಿಗರ ಮನೆಗಳಲ್ಲಿ ಈಗ ಇನ್‌ಸ್ಟಂಟ್ ಪಾಟ್‌ನಂಥ ವಿದ್ಯುತ್ ಕುಕ್ಕರುಗಳಿವೆ. ಅವು ಕೂಗುವುದೇ ಇಲ್ಲ. ಒತ್ತಡ ತುಂಬಿದ ಮೇಲೆಯೇ ನಿಮಿಷ ಎಣಿಸಲು ಶುರುಮಾಡುತ್ತವೆ. ಆದರೆ ಅವುಗಳ ಒತ್ತಡ ಚದರ ಸೆಂಟಿಮೀಟರಿಗೆ 0.7ರಿಂದ 0.8 ಕಿಲೋ ಮಾತ್ರ, ಉಷ್ಣತೆ 115ರಿಂದ 117 ಡಿಗ್ರಿ. ಊರಿನ ಕುಕ್ಕರಿನಲ್ಲಿ ಸಣ್ಣ ಉರಿಯ 10 ನಿಮಿಷ ಬೇಕಾದ ಬೇಳೆಗೆ ಅದರಲ್ಲಿ 12, 13 ನಿಮಿಷ ಇಡಿ. ಅದೇ ಯಂತ್ರದಲ್ಲಿರುವ ಸ್ಲೋ ಕುಕ್ ಗುಂಡಿಯನ್ನು ಮಾತ್ರ ಹಸಿ ರಾಜ್ಮಾಗೆ ಒತ್ತಬೇಡಿ. ಕೆಂಪು ರಾಜ್ಮಾದಲ್ಲಿ ಸಹಜವಾಗಿಯೇ ಇರುವ ಒಂದು ಬಗೆಯ ಲೆಕ್ಟಿನ್ ವಿಷವು 80 ಡಿಗ್ರಿಯ ಆಸುಪಾಸಿನಲ್ಲಿ ನಾಶವಾಗುವುದಿಲ್ಲ, ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗಬಹುದು. ಒತ್ತಡದಲ್ಲಿ ಬೇಯಿಸಿದರೆ ಈ ಭಯವಿಲ್ಲ. ಸ್ಲೋ ಕುಕ್ಕೇ ಬೇಕೆಂದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದ ಮೇಲೆ ಹಾಕಿ.